ಮಾಳಿಗೆ ಮನೆಯೊಳಗೆ ಫ್ಲ್ಯಾಶ್: ಮಬ್ಬು ಬೆಳಕಲ್ಲಿ ಮುಖ ತೆಗೆಯುವ ಬಗೆ

ದುರ್ಗದ ಕಡೆಯ ಹಳೇ ಮಾಳಿಗೆ ಮನೆಯೊಂದರಲ್ಲಿ ಕುಬಸವೋ ತೊಟ್ಟಿಲ ಶಾಸ್ತ್ರವೋ ನಡೆಯುತ್ತಿದೆ ಎನ್ನಿ. ನಡುಮನೆಗೆ ಕಿಟಕಿ ಇಲ್ಲ. ನೆತ್ತಿಯ ಮೇಲೊಂದು ಬೆಳಕಿಂಡಿ, ಗೋಡೆಗೊಂದು ಟ್ಯೂಬ್‌ಲೈಟು, ಅಷ್ಟೇ. ಕ್ಯಾಮೆರಾವನ್ನು ಆಟೋಗೆ ಬಿಟ್ಟರೆ ಅದು ಐಎಸ್‌ಒ 6400, ಅಂದರೆ ಬೆಳಕು ಹಿಡಿಯುವ ಸೂಕ್ಷ್ಮತೆ ಮೇಲಕ್ಕೆ, ಶಟರ್ (ಬೆಳಕಿಗೆ ತೆರೆದಿರುವ ಹೊತ್ತು) 1/30 ಸೆಕೆಂಡಿಗೆ ಹೋಗಿ ಕೂರುತ್ತದೆ. ಮುಖದ ತುಂಬ ರವೆ ಚೆಲ್ಲಿದಂತೆ ನಾಯ್ಸ್, ಆರತಿ ಎತ್ತಿದ ಕೈ ಮಸುಕು. ಇದು ಬೇಡವೆಂದು ಫ್ಲ್ಯಾಶ್ ಸಿಕ್ಕಿಸಿ ನೇರ ಹೊಡೆದರೆ ಮುಂದೆ ಕೂತವರ ಮುಖ ಸುಣ್ಣ ಬಳಿದಂತೆ ಬೆಳ್ಳಗೆ, ಹಿಂದಿರುವ ಅಜ್ಜಿ ಕತ್ತಲಲ್ಲಿ, ಗೋಡೆಯ ಮೇಲೆ ಕತ್ತರಿಸಿ ಅಂಟಿಸಿದಂಥ ಕರೀ ನೆರಳು.

ಹೀಗಾಗುವುದಕ್ಕೆ ಎರಡು ಕಾರಣ. ಫ್ಲ್ಯಾಶಿನ ಮುಖ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಬೆಳಕಿನ ಮೂಲ ಸಣ್ಣದಾದಷ್ಟೂ ನೆರಳಿನ ಅಂಚು ಗಡುಸು. ಎರಡನೆಯದು ದೂರದ ಲೆಕ್ಕ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಒಂದೂವರೆ ಮೀಟರಿನಲ್ಲಿ ಕೂತವರಿಗೆ ಸರಿಯಾದ ಬೆಳಕು ಮೂರು ಮೀಟರಿನಲ್ಲಿರುವ ಅಜ್ಜಿಗೆ ಎರಡು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟೋ ಅರ್ಧವೋ ಆಗುವುದು). ಎರಡಕ್ಕೂ ಮದ್ದು ಒಂದೇ: ಫ್ಲ್ಯಾಶನ್ನು ಜನರ ಮೇಲೆ ಹೊಡೆಯದೆ ಗೋಡೆಗೆ ಹೊಡೆಯಿರಿ. ಆಗ ಆ ಗೋಡೆಯೇ ಆರಡಿ ಅಗಲದ ದೀಪವಾಗುತ್ತದೆ. ಮುಂದೆ ಹೇಳುವುದೆಲ್ಲ ಈ ಗೋಡೆಯನ್ನು ಹುಡುಕುವುದು, ಇಲ್ಲದಿದ್ದರೆ ಒಂದನ್ನು ಕಟ್ಟಿಕೊಳ್ಳುವುದು ಹೇಗೆ ಎಂಬುದರ ಸುತ್ತಲೇ.

ಚೀಲದಲ್ಲಿ ಏನಿರಬೇಕು

ಫ್ಲ್ಯಾಶ್ ಯಾವ ಕಂಪನಿಯದಾದರೂ ಸರಿ, ಮೂರು ಗುಣ ಇರಬೇಕು. ತಲೆ ಮೇಲಕ್ಕೂ ಪಕ್ಕಕ್ಕೂ ಹಿಂದಕ್ಕೂ ತಿರುಗಬೇಕು. ಪವರನ್ನು ಮ್ಯಾನುಯಲ್ ಆಗಿ ಪೂರ್ತಿಯಿಂದ 1/128ರವರೆಗೆ ಇಳಿಸಲು ಬರಬೇಕು. ಟ್ರಿಗರ್ (ಕ್ಯಾಮೆರಾ ಮೇಲಿಟ್ಟು ಫ್ಲ್ಯಾಶಿಗೆ ಸೂಚನೆ ಕಳಿಸುವ ಸಾಧನ) ಬಳಸಿ ದೂರದಲ್ಲಿಟ್ಟು ಹೊಡೆಯುವಂತಿರಬೇಕು. ಡಬ್ಬದ ಮೇಲೆ ಗೈಡ್ ನಂಬರ್ (ಫ್ಲ್ಯಾಶಿನ ಬಲದ ಅಳತೆ; ಮೀಟರಿನ ದೂರದಿಂದ ಭಾಗಿಸಿದರೆ ಐಎಸ್‌ಒ 100ಕ್ಕೆ ಬೇಕಾದ ಎಫ್ ಅಂಕಿ ಸಿಗುತ್ತದೆ) 60 ಎಂದು ಬರೆದಿರುತ್ತದೆ; ಅದು ಸಾಮಾನ್ಯವಾಗಿ ತಲೆಯನ್ನು 200 ಎಂಎಂಗೆ ಜೂಮ್ ಮಾಡಿ ಅಳೆದ ಅಂಕಿ. 35 ಎಂಎಂಗೆ ಅಗಲಿಸಿದಾಗ ಅದೇ ಫ್ಲ್ಯಾಶ್ 36ರ ಆಸುಪಾಸಿಗೆ ಬರುತ್ತದೆ. ಲೆಕ್ಕ ಹಾಕುವಾಗ ಈ ಎರಡನೇ ಅಂಕಿಯನ್ನೇ ಹಿಡಿಯಿರಿ.

ಸೆಲ್ ವಿಷಯದಲ್ಲಿ ಕಂಜೂಸಿ ಬೇಡ. ಅಂಗಡಿಯ ಮಾಮೂಲಿ ಆಲ್ಕಲೈನ್ ಪೆನ್‌ಸೆಲ್ ಮೊದಲ ಹತ್ತಿಪ್ಪತ್ತು ಫೋಟೋಗೆ ಚೆನ್ನಾಗಿಯೇ ಇರುತ್ತದೆ, ಆಮೇಲೆ ಒಂದೊಂದು ಹೊಡೆತಕ್ಕೂ ಕಾಯಿಸುತ್ತದೆ. 2000 ಎಂಎಎಚ್ ಆಸುಪಾಸಿನ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್‌ಗಳು ನಾಲ್ಕರ ಮೂರು ಜೊತೆ ಇರಲಿ. ಪ್ರತಿ ಜೊತೆಗೂ ಮಾರ್ಕರ್ ಪೆನ್ನಿನಲ್ಲಿ 1, 2, 3 ಎಂದು ಬರೆಯಿರಿ, ಒಂದರ ಸೆಲ್ ಇನ್ನೊಂದಕ್ಕೆ ಬೆರೆಸಬೇಡಿ. ನಾಲ್ಕರಲ್ಲಿ ಒಂದು ಸೋತರೂ ಉಳಿದ ಮೂರು ಅದನ್ನು ಎಳೆದಾಡಿ ಹಾಳುಮಾಡುತ್ತವೆ. ಲಿಥಿಯಂ ಬ್ಯಾಟರಿಯ ಫ್ಲ್ಯಾಶ್ ಆದರೆ ಪೂರ್ತಿ ಪವರಿಗೂ ಎರಡು ಸೆಕೆಂಡಿನೊಳಗೆ ತಯಾರಾಗುತ್ತದೆ. ತಿಂಗಳಿಗೆ ನಾಲ್ಕು ಮದುವೆ ಮಾಡುವವರಿಗೆ ಅದೇ ವಾಸಿ.

ಉಳಿದದ್ದು ಹೆಚ್ಚಾಗಿ ಸ್ಟೇಷನರಿ ಅಂಗಡಿಯ ಸಾಮಾನು. ಎರಡಡಿ ಮೂರಡಿಯ ಒಂದು ಥರ್ಮೋಕೋಲ್ ಶೀಟ್. 15 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ ಕರೀ ಫೋಮ್ ಶೀಟ್, ಅದನ್ನು ಫ್ಲ್ಯಾಶಿಗೆ ಕಟ್ಟಲು ಎರಡು ದಪ್ಪ ರಬ್ಬರ್ ಬ್ಯಾಂಡ್. ಕಿತ್ತಳೆ ಬಣ್ಣದ ಜೆಲ್ (ಫ್ಲ್ಯಾಶಿನ ಮುಖಕ್ಕೆ ಅಂಟಿಸುವ ಪಾರದರ್ಶಕ ಹಾಳೆ) ಪೂರ್ತಿಯದೊಂದು, ಅರ್ಧದ್ದೊಂದು. ಸ್ಟ್ಯಾಂಡಿನ ಬುಡಕ್ಕೆ ತೂಗುಹಾಕಲು ಎರಡು ಲೀಟರಿನ ನೀರಿನ ಬಾಟಲಿ. ಇಷ್ಟರ ಜೊತೆಗೆ ಒಗೆದು ಮಡಿಚಿದ ಬಿಳಿ ಪಂಚೆ ಒಂದು; ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ಫ್ಲ್ಯಾಶ್ ಆಫ್

ಫ್ಲ್ಯಾಶ್ ಮುಟ್ಟುವ ಮೊದಲು ಕೋಣೆಯ ಬೆಳಕನ್ನು ಕ್ಯಾಮೆರಾಗೆ ಹೊಂದಿಸಿಕೊಳ್ಳಿ. ಮೋಡ್ ಮ್ಯಾನುಯಲ್. ಆಟೋ ಐಎಸ್‌ಒ ಆಫ್, ಇಲ್ಲದಿದ್ದರೆ ಒಂದೊಂದು ಫೋಟೋ ಒಂದೊಂದು ಹದದಲ್ಲಿ ಬರುತ್ತದೆ. ಫೈಲ್ ರಾ (ಕ್ಯಾಮೆರಾ ತಿದ್ದದ ಕಚ್ಚಾ ಫೈಲ್). ಶುರುವಿಗೆ ಐಎಸ್‌ಒ 800, ಅಪರ್ಚರ್ (ಲೆನ್ಸಿನ ಕಂಡಿ; ಎಫ್ ಅಂಕಿ ಸಣ್ಣದಾದಷ್ಟೂ ಕಂಡಿ ದೊಡ್ಡದು) ಎಫ್/4, ಶಟರ್ 1/60 ಇಟ್ಟು ಒಂದು ಖಾಲಿ ಫೋಟೋ ತೆಗೆಯಿರಿ. ಕೋಣೆ ಒಂದರಿಂದ ಎರಡು ಸ್ಟಾಪ್ ಕಡಿಮೆ ಬೆಳಕಲ್ಲಿ ಕಾಣಬೇಕು: ಗೋಡೆಯ ಫೋಟೋ, ಗಡಿಯಾರ, ಬಾಗಿಲ ತೋರಣ ಗುರುತು ಸಿಗಬೇಕು, ಮುಖ ಮಾತ್ರ ಮಂಕಾಗಿರಬೇಕು. ಪೂರಾ ಕಪ್ಪಾದರೆ ಐಎಸ್‌ಒ 1600 ಮಾಡಿ, ಅಥವಾ ಶಟರ್ 1/50ಕ್ಕೆ ಇಳಿಸಿ.

ಈ ಹೆಜ್ಜೆಯನ್ನು ಬಿಟ್ಟವರ ಫೋಟೋದಲ್ಲಿ ಮನೆ ಮನೆಯಂತೆ ಕಾಣುವುದಿಲ್ಲ. ಜನ ಗವಿಯೊಳಗೆ ಕೂತಂತೆ ಇರುತ್ತದೆ. ಫ್ಲ್ಯಾಶ್ ಉರಿಯುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗವೋ ಇನ್ನೂ ಕಡಿಮೆಯೋ. ಅಷ್ಟು ಹೊತ್ತಿಗೆ ಶಟರ್ 1/50ಕ್ಕೆ ತೆರೆದಿದ್ದರೇನು, 1/160ಕ್ಕೆ ತೆರೆದಿದ್ದರೇನು, ಫ್ಲ್ಯಾಶಿನ ಪಾಲಿಗೆ ಎರಡೂ ಒಂದೇ. ಹೀಗಾಗಿ ಶಟರ್ ಕೋಣೆಯ ಬೆಳಕನ್ನಷ್ಟೇ ಏರಿಳಿಸುತ್ತದೆ, ಫ್ಲ್ಯಾಶಿನ ಪವರ್ ಮುಖವನ್ನಷ್ಟೇ. ಅಪರ್ಚರ್ ಮತ್ತು ಐಎಸ್‌ಒ ಎರಡನ್ನೂ ಎಳೆಯುತ್ತವೆ. ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಮುಗಿಯಿತು.

ಶಟರಿಗೆ ಮೇಲೊಂದು ಗಡಿ ಇದೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಸಿಂಕ್ ವೇಗ (ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್) 1/200 ಅಥವಾ 1/250. ಅದನ್ನು ದಾಟಿದರೆ ಫೋಟೋದ ಒಂದು ಬದಿಗೆ ಕರೀ ಪಟ್ಟಿ ಬೀಳುತ್ತದೆ. ಈ ಗಡಿ ದಾಟಲು ಇರುವ ಹೈ ಸ್ಪೀಡ್ ಸಿಂಕ್ ಎಂಬ ಸೌಲಭ್ಯ ಬಿಸಿಲಿನ ಕೆಲಸಕ್ಕೆ. ಮನೆಯೊಳಗೆ ಅದನ್ನು ಆನ್ ಮಾಡಿಟ್ಟರೆ ಪವರ್ ವ್ಯರ್ಥ. ಇನ್ನು ಅಗ್ಗದ ಎಲ್‌ಇಡಿ ದೀಪ, ಸೀರಿಯಲ್ ಸೆಟ್ ಇದ್ದ ಕಡೆ ಅಡ್ಡಪಟ್ಟೆ ಕಂಡರೆ ಗಾಬರಿಯಾಗಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರನ್ನು 1/50ಕ್ಕೋ 1/100ಕ್ಕೋ ತಂದರೆ ಪಟ್ಟೆ ಸಾಮಾನ್ಯವಾಗಿ ಮಾಯ.

ಎರಡನೇ ಹೆಜ್ಜೆ: ಗೋಡೆ ಹುಡುಕುವುದು

ತಾರಸಿ ಮನೆ, ಹತ್ತಡಿ ಎತ್ತರ, ಬಿಳೀ ಚಾವಣಿ. ಇದು ಹಬ್ಬದೂಟ. ಲೆಕ್ಕ ಒಮ್ಮೆ ಹಾಕಿ ನೋಡಿ. ಚಾವಣಿ 3 ಮೀಟರ್, ಫ್ಲ್ಯಾಶ್ ಕಣ್ಣೆತ್ತರದಲ್ಲಿ 1.6 ಮೀಟರ್, ಎದುರಿಗೆ ನಿಂತವರು 2.5 ಮೀಟರ್ ದೂರ. ಬೆಳಕು ಮೇಲೆ ಹೋಗಿ ಕೆಳಗೆ ಬರುವ ಹಾದಿ ಸುಮಾರು 3.75 ಮೀಟರ್. ಗೈಡ್ ನಂಬರ್ 36ನ್ನು ಅದರಿಂದ ಭಾಗಿಸಿದರೆ ಎಫ್/9.6. ಚಾವಣಿ ಹೀರುವುದು, ಚದುರಿಸುವುದು ಸೇರಿ ಎರಡರಿಂದ ಮೂರು ಸ್ಟಾಪ್ ಕಳೆಯಿರಿ: ಐಎಸ್‌ಒ 100ರಲ್ಲಿ ಎಫ್/3.4ರಿಂದ 4.8. ಐಎಸ್‌ಒ 800ಕ್ಕೆ ಏರಿಸಿದರೆ ಮೂರು ಸ್ಟಾಪ್ ವಾಪಸ್, ಅಂದರೆ ಎಫ್/9.6ರಿಂದ 13.6. ನಮಗೆ ಬೇಕಾದ್ದು ಎಫ್/4. ಹಾಗಾಗಿ ಪೂರ್ತಿ ಪವರ್ ಬೇಡ, 1/8 ಸಾಕು. ಹೀಗೆ ಹೊಡೆದಾಗ ಫ್ಲ್ಯಾಶ್ ತಣ್ಣಗಿರುತ್ತದೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮತ್ತೆ ಸಿದ್ಧ.

ಫ್ಲ್ಯಾಶಿನ ತಲೆಯನ್ನು ನೆಟ್ಟಗೆ ಮೇಲಕ್ಕೆ ಮಾಡುವ ಚಾಳಿ ಮಾತ್ರ ಬಿಡಿ. ನೆತ್ತಿಯಿಂದ ಬೀಳುವ ಬೆಳಕಿಗೆ ಕಣ್ಣಗುಳಿಯಲ್ಲಿ, ಮೂಗಿನ ಕೆಳಗೆ ನೆರಳು ಕೂತು ಮದುಮಗಳು ನಿದ್ದೆಗೆಟ್ಟವಳಂತೆ ಕಾಣುತ್ತಾಳೆ. ಎದುರಿನವರು ಯಾವ ಕಡೆ ಮುಖ ಮಾಡಿದ್ದಾರೋ ಆ ಕಡೆಯ ಗೋಡೆಯೂ ಚಾವಣಿಯೂ ಕೂಡುವ ಮೂಲೆಗೆ, ನಿಮ್ಮ ಹೆಗಲ ಮೇಲಿಂದ ತುಸು ಹಿಂದಕ್ಕೆ ತಲೆ ತಿರುಗಿಸಿ. ಬೆಳಕು ಕಿಟಕಿಯಿಂದ ಬಂದಂತೆ ಓರೆಯಾಗಿ ಬೀಳುತ್ತದೆ, ಕಣ್ಣಲ್ಲಿ ಹೊಳಪೂ ಸಿಗುತ್ತದೆ. ಕರೀ ಫೋಮ್ ಶೀಟನ್ನು ಫ್ಲ್ಯಾಶಿನ ಎದುರಿನವರ ಬದಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದರೆ ಸೋರುವ ನೇರ ಬೆಳಕು ಅವರ ಮುಖಕ್ಕೆ ಬಡಿಯುವುದಿಲ್ಲ. ಸರಿಯಾಗಿ ಕಟ್ಟಿದ್ದೀರಾ ಎಂದು ತಿಳಿಯಲು ಸುಲಭದ ದಾರಿ: ಅವರ ಜಾಗದಲ್ಲಿ ನಿಂತು ನೋಡಿ, ಫ್ಲ್ಯಾಶಿನ ಗಾಜು ಕಾಣಿಸಬಾರದು.

ಮಾಳಿಗೆ ಮನೆಗೆ ಬಂದರೆ ಈ ಲೆಕ್ಕವೆಲ್ಲ ತಲೆಕೆಳಗು. ಮೇಲೆ ತೊಲೆ, ಜಂತಿ, ವರ್ಷಗಟ್ಟಲೆ ಹೊಗೆ ಕುಡಿದ ಕರೀ ಮರ. ಅದಕ್ಕೆ ಹೊಡೆದ ಬೆಳಕಿನಲ್ಲಿ ಬಹುಪಾಲು ಅಲ್ಲೇ ಇಂಗಿಹೋಗುತ್ತದೆ, ವಾಪಸ್ ಬಂದದ್ದು ಕಂದುಬಣ್ಣ ಹೊತ್ತು ಬರುತ್ತದೆ. ಪೂರ್ತಿ ಪವರ್ ಹಾಕಿದರೂ ಮುಖ ಬೆಲ್ಲದ ನೀರಲ್ಲಿ ಅದ್ದಿದಂತೆ. ಇಲ್ಲಿ ಚಾವಣಿಯನ್ನು ಮರೆತು ಗೋಡೆ ನೋಡಿ. ಸುಣ್ಣದ ಗೋಡೆಯಾದರೆ ಬಚಾವ್. ಎದುರಿನವರಿಂದ ಎರಡು ಮೂರು ಮೀಟರಿನೊಳಗಿನ ಪಕ್ಕದ ಗೋಡೆಗೆ, ಅವರ ತಲೆಗಿಂತ ಒಂದೆರಡು ಅಡಿ ಮೇಲಕ್ಕೆ ಗುರಿಯಿಟ್ಟು 1/4ರಿಂದ ಶುರುಮಾಡಿ.

ಗೋಡೆ ಹಸಿರೋ ಗುಲಾಬಿಯೋ ನೀಲಿಯೋ ಆಗಿದ್ದರೆ ಮುಖವೂ ಅದೇ ಬಣ್ಣಕ್ಕೆ ತಿರುಗುತ್ತದೆ. ಒಂದು ಕೆನ್ನೆ ಹಸಿರು, ಇನ್ನೊಂದು ಟ್ಯೂಬ್‌ಲೈಟಿನ ಬಿಳುಪು ಆಗಿಬಿಟ್ಟರೆ ಕಂಪ್ಯೂಟರಿನಲ್ಲೂ ಸರಿಮಾಡಲು ಬೆವರಿಳಿಯುತ್ತದೆ. ಈಗ ಪಂಚೆ ತೆಗೆಯಿರಿ. ಜಂತಿಯ ಮೊಳೆಗೋ ಬಟ್ಟೆ ಹಗ್ಗಕ್ಕೋ ನಾಲ್ಕು ಕ್ಲಿಪ್ ಹಾಕಿ, ಎರಡು ಪದರ ಮಡಿಚಿ ಇಳಿಬಿಡಿ. ಫ್ಲ್ಯಾಶನ್ನು ಅದಕ್ಕೆ ಹೊಡೆದರೆ ಆರಡಿಯ ಬಿಳೀ ಗೋಡೆ ಸಿದ್ಧ. ಒಂದೇ ಪದರವಾದರೆ ಅರ್ಧ ಬೆಳಕು ಆಚೆ ತೂರಿ ಹೋಗುತ್ತದೆ. ಜಾಸ್ತಿ ನೀಲಿ ಹಾಕಿ ಒಗೆದ ಪಂಚೆ ಫ್ಲ್ಯಾಶಿಗೆ ತೆಳು ನೀಲಿಯಾಗಿಯೇ ಕಾಣುತ್ತದೆ, ಅದು ಬೇಡ. ಪಂಚೆಗೆ ಜಾಗ ಇಲ್ಲದಿದ್ದರೆ ಥರ್ಮೋಕೋಲ್ ಹಿಡಿಯಲು ಮನೆಯ ಹುಡುಗರು ಯಾರಾದರೂ ಸಿಕ್ಕೇ ಸಿಗುತ್ತಾರೆ.

ಮೂರನೇ ಹೆಜ್ಜೆ: ಪವರ್

ಫ್ಲ್ಯಾಶ್ ಆನ್, ಮೋಡ್ ಮ್ಯಾನುಯಲ್, 1/8. ಒಂದು ಫೋಟೋ. ಮುಖ ಮಂಕಾದರೆ 1/4, ಬೆಳ್ಳಗಾದರೆ 1/16. ಎರಡು ಮೂರು ಹೊಡೆತದಲ್ಲಿ ಹದ ಸಿಗುತ್ತದೆ. ಕ್ಯಾಮೆರಾದ ಹಿಂದಿನ ಪರದೆಯನ್ನು ಪೂರಾ ನಂಬಬೇಡಿ, ಕತ್ತಲ ಕೋಣೆಯಲ್ಲಿ ಅದು ಎಲ್ಲವನ್ನೂ ಬೆಳ್ಳಗೆ ತೋರಿಸುತ್ತದೆ. ಹೈಲೈಟ್ ಎಚ್ಚರಿಕೆ (ಬೆಳಕು ಮಿತಿಮೀರಿದ ಜಾಗವನ್ನು ಪರದೆಯಲ್ಲಿ ಮಿನುಗಿಸಿ ತೋರಿಸುವುದು) ಆನ್ ಮಾಡಿ ಮೂರು ಜಾಗ ನೋಡಿ: ಹಣೆಯ ವಿಭೂತಿ, ಸೀರೆಯ ಜರಿ, ಹೆಗಲ ಮೇಲಿನ ಬಿಳೀ ವಲ್ಲಿ. ಜರಿಯ ಚುಕ್ಕೆ ಮಿನುಗಿದರೆ ಬಿಡಿ. ವಿಭೂತಿಯ ಮೂರು ಗೆರೆ ಕೂಡಿಕೊಂಡು ಒಂದೇ ಪಟ್ಟಿಯಾಗಿದ್ದರೆ ಪವರ್ ಮೂರನೇ ಒಂದು ಸ್ಟಾಪ್ ಇಳಿಸಿ.

ಟಿಟಿಎಲ್, ಅಂದರೆ ಪವರನ್ನು ಕ್ಯಾಮೆರಾವೇ ಅಳೆದು ಹೊಂದಿಸುವ ಬಗೆ, ಕೆಟ್ಟದ್ದಲ್ಲ. ಮದುಮಕ್ಕಳು ಬಾಗಿಲಿಂದ ಒಳಗೆ ಬರುವಾಗ, ದೂರ ಕ್ಷಣಕ್ಷಣಕ್ಕೂ ಬದಲಾಗುವಾಗ ಅದೇ ಬೇಕು. ಆದರೆ ಅದಕ್ಕೆ ಬಣ್ಣದ ಅರಿವಿಲ್ಲ. ಬಿಳಿ ಪಂಚೆ, ಬಿಳಿ ಅಂಗಿಯ ಹಿರಿಯರು ಸಾಲಾಗಿ ನಿಂತರೆ ಬೆಳಕು ಜಾಸ್ತಿಯಾಯಿತೆಂದುಕೊಂಡು ಎಲ್ಲರನ್ನೂ ಬೂದಿ ಮಾಡುತ್ತದೆ. ಆಗ ಫ್ಲ್ಯಾಶ್ ಕಾಂಪನ್ಸೇಶನ್ (ಟಿಟಿಎಲ್ ಲೆಕ್ಕಕ್ಕೆ ನಾವು ಕೊಡುವ ತಿದ್ದುಪಡಿ) ಪ್ಲಸ್ 0.7ರಿಂದ 1 ಸ್ಟಾಪ್ ಇಡಿ. ಹಿಂದೆ ಕತ್ತಲ ಪಡಸಾಲೆ ಇದ್ದರೆ ತದ್ವಿರುದ್ಧ, ಮೈನಸ್ 0.7. ಜೊತೆಗೆ ಅದು ಅಳತೆಗೆಂದು ಮೊದಲೊಂದು ಸಣ್ಣ ಮಿಂಚು ಬಿಡುತ್ತದೆ, ಕೆಲವರ ಕಣ್ಣು ಅಷ್ಟಕ್ಕೇ ಮುಚ್ಚಿಕೊಳ್ಳುತ್ತದೆ. ಒಬ್ಬರೇ ಎಲ್ಲ ಫೋಟೋದಲ್ಲೂ ಕಣ್ಣು ಮುಚ್ಚುತ್ತಿದ್ದರೆ ಅವರನ್ನು ಬೈಯಬೇಡಿ, ಮ್ಯಾನುಯಲ್‌ಗೆ ಬನ್ನಿ.

ಫೋಕಸ್ ಹಿಡಿಯದೆ ಲೆನ್ಸ್ ಹಿಂದೆ ಮುಂದೆ ಓಡುತ್ತಿದ್ದರೆ ಮುಖದಲ್ಲಿ ಹುಡುಕಬೇಡಿ. ಕಣ್ಣಂಚಿನ ಕಾಡಿಗೆ, ಕನ್ನಡಕದ ಕಟ್ಟು, ಕುಂಕುಮ ಇಂಥ ಕಪ್ಪುಬಿಳುಪು ಕೂಡುವ ಗೆರೆ ಹಿಡಿಯಿರಿ. ಅದೂ ಆಗದಿದ್ದರೆ ಪಕ್ಕದವರ ಮೊಬೈಲ್ ಟಾರ್ಚ್ ಎರಡು ಸೆಕೆಂಡ್ ಸಾಕು.

ಬಣ್ಣ ಕೂಡಿಸುವುದು

ಫ್ಲ್ಯಾಶಿನ ಬಣ್ಣ ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಅಂಕಿ ಇಳಿದಷ್ಟೂ ಹಳದಿ), ನಡುಹಗಲ ಬಿಸಿಲಿನಂತೆ. ಹಳದಿ ಬಲ್ಬು 2700ರಿಂದ 3000. ಎರಡೂ ಒಂದೇ ಫೋಟೋದಲ್ಲಿ ಬಿದ್ದರೆ ಮುಖ ತಣ್ಣಗೆ, ಹಿಂದಿನ ಗೋಡೆ ಅರಿಶಿನ. ಫ್ಲ್ಯಾಶಿಗೆ ಪೂರ್ತಿ ಕಿತ್ತಳೆ ಜೆಲ್ ಅಂಟಿಸಿ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿ ಎಂದು ಹಿಡಿಯಬೇಕೆಂಬ ಸೆಟ್ಟಿಂಗ್) 3200 ಇಟ್ಟರೆ ಎರಡೂ ಕೂಡುತ್ತವೆ. ಅರಿಶಿನ ಶಾಸ್ತ್ರ, ದೀಪದ ಹೊತ್ತಿಗೆ ಅರ್ಧ ಜೆಲ್, 4000 ಚೆಂದ. ಬಿಸಿ ಬಣ್ಣ ತುಸು ಉಳಿಯಬೇಕು, ಅದನ್ನು ಪೂರಾ ತೊಳೆದುಬಿಟ್ಟರೆ ದೀಪ ದೀಪವಾಗಿ ಉಳಿಯುವುದಿಲ್ಲ. ಪೂರ್ತಿ ಜೆಲ್ ಮೂರನೇ ಎರಡು ಸ್ಟಾಪಿನಷ್ಟು ಬೆಳಕು ನುಂಗುತ್ತದೆ, ಪವರ್ ಅಷ್ಟು ಏರಿಸಿ. ಬಿಳೀ ಎಲ್‌ಇಡಿ ಟ್ಯೂಬಿಗೆ ಜೆಲ್ ಬೇಡ. ಬಲ್ಬೂ ಟ್ಯೂಬೂ ಒಟ್ಟಿಗೆ ಉರಿಯುತ್ತಿದ್ದರೆ ಮನೆಯವರನ್ನು ಕೇಳಿ ಒಂದರ ಸ್ವಿಚ್ ಆರಿಸಿ. ಇದಕ್ಕಿಂತ ಒಳ್ಳೇ ಜೆಲ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮಂಡಕ್ಕಿ ಭಟ್ಟಿಯೊಳಗೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸದವರ ಫೋಟೋ ತೆಗೆಯುವುದು ಬೇರೆಯದೇ ಪಾಠ. ಗೋಡೆ ಮಸಿ, ಸೂರು ಮಸಿ, ಬೌನ್ಸ್ (ಗೋಡೆಗೆ ಹೊಡೆದು ಬೆಳಕು ಮರಳಿಸುವುದು) ಎಂಬ ಮಾತೇ ಇಲ್ಲ. ಗಾಳಿಯ ತುಂಬ ಹೊಗೆ, ದೂಳು. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಹೊಡೆದರೆ ಲೆನ್ಸಿಗೂ ಮನುಷ್ಯನಿಗೂ ನಡುವಿನ ಒಂದೊಂದು ಕಣವೂ ಬಿಳೀ ಚುಕ್ಕೆಯಾಗಿ ಎದ್ದು, ಮಂಡಕ್ಕಿಯೇ ಎರಚಿದಂತೆ ಫೋಟೋ ಬರುತ್ತದೆ. ಲೆನ್ಸಿಗೆ ತೀರಾ ಹತ್ತಿರದ ಕಣಗಳಿಗೆ ಅತಿ ಹೆಚ್ಚು ಬೆಳಕು ಬಿದ್ದು, ಅದು ನೇರ ಲೆನ್ಸಿಗೇ ಮರಳುವುದೇ ಇದಕ್ಕೆ ಕಾರಣ.

ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ. ಸ್ಟ್ಯಾಂಡಿಗೆ ಸಣ್ಣ ಬಿಳೀ ಛತ್ರಿ ಹಾಕಿ ಮನುಷ್ಯನ ಪಕ್ಕಕ್ಕೆ, ಮುಖಕ್ಕಿಂತ ಒಂದಡಿ ಎತ್ತರದಲ್ಲಿ, ಒಂದೂವರೆ ಮೀಟರ್ ದೂರ ಇಡಿ. ಪೂರ್ತಿ ಕಿತ್ತಳೆ ಜೆಲ್, ಐಎಸ್‌ಒ 400, ಎಫ್/4, ಪವರ್ 1/32ರಿಂದ 1/16. ಶಟರ್ 1/30ರಲ್ಲಿ ಒಲೆಯ ಕೆಂಪು ಬಾಣಲೆಯ ಅಂಚಿಗೆ ಬೀಳುವುದು ಕಾಣುತ್ತದೆ, ಕಾಣದಿದ್ದರೆ 1/15. ಬಿಸಿ ಮರಳು ತಿರುವುವ ಕೈ ಅಷ್ಟರಲ್ಲಿ ಅಲುಗಿ ಗೆರೆಯೆಳೆದರೂ ಫ್ಲ್ಯಾಶಿನ ಕ್ಷಣದಲ್ಲಿ ಚೊಕ್ಕವಾಗಿ ನಿಂತಿರುತ್ತದೆ. ರಿಯರ್ ಕರ್ಟನ್ ಸಿಂಕ್ (ಶಟರ್ ಮುಚ್ಚುವ ಮುನ್ನ ಫ್ಲ್ಯಾಶ್ ಹೊಡೆಯುವುದು) ಇಟ್ಟರೆ ಗೆರೆ ಕೈಯ ಹಿಂದೆ ಬರುತ್ತದೆ, ಮಾಮೂಲಿ ಸಿಂಕ್‌ನಲ್ಲಿ ಕೈಗಿಂತ ಮುಂದೆ ಓಡಿ ವಿಚಿತ್ರವಾಗಿ ಕಾಣುತ್ತದೆ. ಹೊಗೆಯೇ ಕಾಣಬೇಕೆಂದಿದ್ದರೆ ಫ್ಲ್ಯಾಶನ್ನು ಮನುಷ್ಯನ ಹಿಂದಕ್ಕೆ ಓರೆಯಾಗಿ ಸರಿಸಿ. ಹೊಗೆ ಎಳೆ ಎಳೆಯಾಗಿ ಬೆಳಗುತ್ತದೆ.

ಮೊದಲು ಹೇಳಿ, ಒಂದು ಸಲ ಖಾಲಿ ಹೊಡೆದು ತೋರಿಸಿ, ಆಮೇಲೆ ತೆಗೆಯಿರಿ. ಕಾದ ಮರಳಿನ ಮುಂದೆ ನಿಂತವರಿಗೆ ಹೇಳದೆ ಕಣ್ಣಿಗೆ ಮಿಂಚು ಹೊಡೆಯುವುದು ತಪ್ಪು, ಅಪಾಯ. ಸ್ಟ್ಯಾಂಡು ಅವರ ಓಡಾಟದ ದಾರಿಯಲ್ಲಿರಬಾರದು, ಬುಡಕ್ಕೆ ನೀರಿನ ಬಾಟಲಿ ಇರಲೇಬೇಕು. ಅಲ್ಲಿ ಲೆನ್ಸ್ ಬದಲಿಸಬೇಡಿ.

ಕಲ್ಯಾಣ ಮಂಟಪ, ಗುಂಪು ಫೋಟೋ

ಮಂಟಪದ ಚಾವಣಿ 25 ಅಡಿ ಇದ್ದರೆ ಅದಕ್ಕೆ ಹೊಡೆದು ಪ್ರಯೋಜನವಿಲ್ಲ. ಐಎಸ್‌ಒ 1600ಕ್ಕೂ ಪೂರ್ತಿ ಪವರ್ ಬೇಕಾಗುತ್ತದೆ, ಸತತ ಇಪ್ಪತ್ತು ಮೂವತ್ತು ಹೊಡೆತಕ್ಕೆ ಫ್ಲ್ಯಾಶ್ ಕಾದು ತಾನೇ ನಿಧಾನವಾಗುತ್ತದೆ. ಅದು ತಾಳಿ ಕಟ್ಟುವ ಹೊತ್ತಿಗೇ ಆಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಛತ್ರಿ ಕಟ್ಟಿದ ಫ್ಲ್ಯಾಶನ್ನು ಕೋಲಿಗೆ ಸಿಕ್ಕಿಸಿ ಲೈಟ್ ಹುಡುಗನ ಕೈಗೆ ಕೊಡಿ. ಮದುಮಕ್ಕಳಿಂದ ಎರಡು ಮೀಟರ್, ಓರೆಯಾಗಿ, ಎತ್ತರಕ್ಕೆ.

ಎರಡು ಸಾಲಿನ ಗುಂಪಿಗೆ ಬೆಳಕನ್ನು ದೂರ ಒಯ್ಯಿರಿ. ಮುಂದಿನ ಸಾಲು 1.5 ಮೀಟರ್, ಹಿಂದಿನದು 2.5 ಮೀಟರ್ ಇದ್ದರೆ ನಡುವೆ ಒಂದೂವರೆ ಸ್ಟಾಪ್ ಅಂತರ. ಅದೇ 3 ಮತ್ತು 4 ಮೀಟರ್ ಆದರೆ ಒಂದು ಸ್ಟಾಪಿಗಿಂತ ಕಡಿಮೆ. ಅಪರ್ಚರ್ ಎಫ್/5.6, ಇಲ್ಲವಾದರೆ ಹಿಂದಿನವರ ಮುಖ ಮಸುಕು.

ಕೆಡುವ ಕಡೆಗಳು

ಕನ್ನಡಕದಲ್ಲಿ ಬಿಳೀ ಚೌಕ ಕಂಡರೆ ಬೆಳಕನ್ನು ಇನ್ನೂ ಪಕ್ಕಕ್ಕೆ, ಮೇಲಕ್ಕೆ ಸರಿಸಿ. ಅಜ್ಜನಿಗೆ ಗಲ್ಲ ತುಸು ತಗ್ಗಿಸಲು ಹೇಳಿ. ಕನ್ನಡಕ ತೆಗೆಸಬೇಡಿ, ಮನೆಯವರಿಗೆ ಆ ಮುಖವೇ ಗುರುತು ಸಿಗುವುದಿಲ್ಲ. ಬೆವರಿನ ಹೊಳಪಿಗೆ ಟಿಶ್ಯೂ ಪೇಪರ್ ಒತ್ತಬೇಕು, ಉಜ್ಜಿದರೆ ಕುಂಕುಮ ಹರಡುತ್ತದೆ. ತೊಟ್ಟಿಲ ಮಗುವಿಗೆ ನೇರ ಫ್ಲ್ಯಾಶ್ ಹತ್ತಿರದಿಂದ ಬೇಡವೇ ಬೇಡ, ಗೋಡೆಯಿಂದ ಬಂದದ್ದಷ್ಟೇ. ಬೆಳಕು ಮೆದುವಾಗಲೆಂದು ಫ್ಲ್ಯಾಶಿನ ಗಾಜಿಗೆ ಬಟ್ಟೆ ಸುತ್ತುವವರಿದ್ದಾರೆ. ಬೆಳಕಿನ ಗಾತ್ರ ಬೆಂಕಿಪೊಟ್ಟಣದಷ್ಟೇ ಉಳಿಯುತ್ತದೆ, ಬಿಸಿಗೆ ಬಟ್ಟೆ ಸುಡುತ್ತದೆ.

ಫ್ಲ್ಯಾಶ್ ಒಮ್ಮೆ ಹೊಡೆದು ಒಮ್ಮೆ ಬಿಟ್ಟರೆ ಮೊದಲು ಸೆಲ್, ಆಮೇಲೆ ಹಾಟ್ ಶೂ (ಕ್ಯಾಮೆರಾ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ) ನೋಡಿ. ಕಾಂಟ್ಯಾಕ್ಟ್ ಬಿಂದುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಊದಿ ತೆಗೆಯಿರಿ. ನೀವು ಹೊಡೆಯದಿದ್ದರೂ ಅದು ತಾನೇ ಮಿಂಚುತ್ತಿದ್ದರೆ ಪಕ್ಕದ ಫೋಟೋಗ್ರಾಫರಿನ ಟ್ರಿಗರ್ ನಿಮ್ಮ ಚಾನೆಲ್ಲಿನಲ್ಲೇ ಇದೆ. ಡಬ್ಬದಿಂದ ಬಂದ ಚಾನೆಲ್ 1ನ್ನು ಯಾರೂ ಬದಲಿಸಿರುವುದಿಲ್ಲ. ನೀವು 7ಕ್ಕೋ 11ಕ್ಕೋ ಹೋಗಿ, ಟ್ರಿಗರಿನಲ್ಲೂ ಫ್ಲ್ಯಾಶಿನಲ್ಲೂ ಎರಡೂ ಕಡೆ.

ಕೆಲಸ ಮುಗಿದು ವಾರಗಟ್ಟಲೆ ಇಡುವುದಾದರೆ ಸೆಲ್ ಹೊರಗೆ ತೆಗೆಯಿರಿ. ಆಷಾಢದಂಥ ಮದುವೆಯಿಲ್ಲದ ತಿಂಗಳಲ್ಲೂ ಒಮ್ಮೆ ಸೆಲ್ ಹಾಕಿ, ಹತ್ತು ಸಲ ಬಿಟ್ಟು ಬಿಟ್ಟು ಗೋಡೆಗೆ ಹೊಡೆಯಿರಿ. ಒಳಗಿನ ಕೆಪಾಸಿಟರ್ ಸುಮ್ಮನೆ ಕೂತಷ್ಟೂ ಚಾರ್ಜ್ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ.